ಹದಿನೆಂಟು ತುಂಬಿದ ಭಾಗ್ಯಲಕ್ಷ್ಮಿ: ಬಾಂಡ್ ಕೈಗೆ ಬಂತು, ಮುಂದೇನು?

ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯ ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಎಂದುಕೊಳ್ಳೋಣ. ಹಿರಿಯಳು ಹುಟ್ಟಿದ್ದು 2006ರ ಮಳೆಗಾಲದಲ್ಲಿ, ಕಿರಿಯಳು 2008ರ ದೀಪಾವಳಿಯ ಹೊತ್ತಿಗೆ. ಇಬ್ಬರ ಹೆಸರಿನಲ್ಲೂ ಭಾಗ್ಯಲಕ್ಷ್ಮಿ ಬಾಂಡ್ ಇದೆ. ಇಬ್ಬರಿಗೂ ಒಂದೇ ಅಂಗನವಾಡಿ, ಒಂದೇ ಶಾಲೆ, ಒಂದೇ ಒಲೆ. ಆದರೆ ಹದಿನೆಂಟು ತುಂಬಿದ ಹಿರಿಯಳಿಗೆ ದಕ್ಕುವ ಮೊತ್ತ ಮೂವತ್ತೈದು ಸಾವಿರ ರೂಪಾಯಿಯ ಆಸುಪಾಸು. ಕಿರಿಯಳಿಗೆ ಒಂದು ಲಕ್ಷ. ಇದು ಯಾವ ಅಧಿಕಾರಿಯ ತಪ್ಪೂ ಅಲ್ಲ, ಯೋಜನೆಯ ನಿಯಮವೇ ಹಾಗಿದೆ. ರಾಜ್ಯ ಸರಕಾರ ಹೆಣ್ಣುಮಕ್ಕಳಿಗೆಂದು ರೂಪಿಸಿದ ಅತ್ಯಂತ ದೀರ್ಘಾವಧಿಯ ಯೋಜನೆಯೊಂದು ಫಲ ಕೊಡುವ ಕಾಲಕ್ಕೆ ಬಂದಿರುವಾಗ, ಆ ಫಲದ ಗಾತ್ರ ಮತ್ತು ರುಚಿ ಎರಡನ್ನೂ ಪರಿಶೀಲಿಸುವುದು ಅಗತ್ಯ.

ಭಾಗ್ಯಲಕ್ಷ್ಮಿ ಆರಂಭವಾದದ್ದು 2006-07ರಲ್ಲಿ. ಅಂದಿನ ಸಮ್ಮಿಶ್ರ ಸರಕಾರದಲ್ಲಿ ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆಯನ್ನೂ ನಿರ್ವಹಿಸುತ್ತಿದ್ದರು. 2006ರ ಮಾರ್ಚ್ 31ರ ನಂತರ ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ಜನಿಸಿದ ಹೆಣ್ಣುಮಗುವಿನ ಹೆಸರಿನಲ್ಲಿ ಸರಕಾರ ಹತ್ತು ಸಾವಿರ ರೂಪಾಯಿ ತೊಡಗಿಸುತ್ತಿತ್ತು. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಈ ಸೌಲಭ್ಯ. ಭಾರತೀಯ ಜೀವವಿಮಾ ನಿಗಮ ಹಣಕಾಸು ಪಾಲುದಾರ. 2008ರ ಆಗಸ್ಟ್‌ನಿಂದ ಮೊತ್ತ ಪರಿಷ್ಕರಣೆಗೊಂಡು ಮೊದಲ ಮಗುವಿಗೆ 19,300 ರೂಪಾಯಿ, ಎರಡನೆಯ ಮಗುವಿಗೆ 18,350 ರೂಪಾಯಿ ಠೇವಣಿ ಇಡಲಾಯಿತು. ಇವು ಹದಿನೆಂಟು ವರ್ಷಕ್ಕೆ ಲಕ್ಷ ರೂಪಾಯಿ ದಾಟುವಂತೆ ಲೆಕ್ಕ ಹಾಕಲಾಗಿತ್ತು. ಹಾಗಾಗಿ 2024ರ ಏಪ್ರಿಲ್‌ನಿಂದ ಪಕ್ವಗೊಳ್ಳತೊಡಗಿದ ಮೊದಲ ಕಂತಿನ ಬಾಂಡುಗಳು ಸಣ್ಣ ಮೊತ್ತದವು. ಜನಮನದಲ್ಲಿ ಉಳಿದಿರುವ 'ಲಕ್ಷ ರೂಪಾಯಿ ಬಾಂಡ್' ಹದಿನೆಂಟು ಪೂರೈಸುವುದು 2026ರ ಆಗಸ್ಟ್‌ನಿಂದ.

ಅಂದರೆ ಯೋಜನೆಯ ನಿಜವಾದ ಪರೀಕ್ಷೆ ಈಗಷ್ಟೇ ಶುರುವಾಗುತ್ತಿದೆ.

ಸೊಕ್ಕೆಯಂಥ ಹೋಬಳಿಯಲ್ಲಿ ನಿಂತು ಈ ಲೆಕ್ಕವನ್ನು ನೋಡುವುದಕ್ಕೆ ಕಾರಣವಿದೆ. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಚಿತ್ರದುರ್ಗದಿಂದ ಬಂದ ತಾಲ್ಲೂಕುಗಳಲ್ಲಿ ಜಗಳೂರು ಒಂದು. ಅದೇ ಜಿಲ್ಲೆಯ ಹೊನ್ನಾಳಿ, ನ್ಯಾಮತಿಗಳಿಗೆ ತುಂಗಭದ್ರೆಯಿದೆ; ಚನ್ನಗಿರಿಗೆ ಅಡಿಕೆಯಿದೆ. ಜಗಳೂರಿಗೆ ಇದ್ದದ್ದು ಆಕಾಶ ಮಾತ್ರ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದಾಗ ಜಗಳೂರು ಆ ಪಟ್ಟಿಯಲ್ಲಿತ್ತು. ತುಂಗಭದ್ರೆಯಿಂದ 57 ಕೆರೆಗಳನ್ನು ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆಯ ನಿರೀಕ್ಷೆ ಇವೆಲ್ಲ ಇತ್ತೀಚಿನ ವರ್ಷಗಳ ಮಾತು. ಮೆಕ್ಕೆಜೋಳ, ಶೇಂಗಾ ನೆಚ್ಚಿದ ಮಳೆಯಾಶ್ರಿತ ಕುಟುಂಬಕ್ಕೆ ಒಂದು ಮಳೆ ತಪ್ಪಿದರೆ ಮನೆಯ ಲೆಕ್ಕವೆಲ್ಲ ತಪ್ಪುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಅಂಥ ವರ್ಷ ದುಡಿಯುವ ಕೈಗಳು ಮಲೆನಾಡಿನ ತೋಟಗಳತ್ತ, ಬೆಂಗಳೂರಿನತ್ತ ಹೊರಡುತ್ತವೆ. ಮನೆಯಲ್ಲಿ ಉಳಿಯುವವರು ಅಜ್ಜಿ ಮತ್ತು ಹದಿಹರೆಯದ ಮಗಳು. 'ಹೆಣ್ಣು ಮಗಳನ್ನು ಹೀಗೆ ಬಿಟ್ಟು ಹೋಗುವುದು ಹೇಗೆ' ಎಂಬ ಪ್ರಶ್ನೆ ಹುಟ್ಟುವುದೇ ಆಗ. ಆ ಪ್ರಶ್ನೆಗೆ ಹಲವು ಮನೆಗಳು ಕಂಡುಕೊಳ್ಳುವ ಉತ್ತರ ಮದುವೆ.

ಭಾಗ್ಯಲಕ್ಷ್ಮಿ ಹುಟ್ಟಿದ್ದೇ ಈ ಉತ್ತರವನ್ನು ಬದಲಿಸಲು. ಮಗುವಿನ ಜನನ ನೋಂದಣಿಯಾಗಬೇಕು, ಲಸಿಕೆ ಹಾಕಿಸಬೇಕು, ಅಂಗನವಾಡಿಗೆ ಸೇರಿಸಬೇಕು, ಬಾಲಕಾರ್ಮಿಕಳಾಗಬಾರದು, ಎಂಟನೆಯ ತರಗತಿಯವರೆಗೆ ಓದಿರಬೇಕು, ಹದಿನೆಂಟಕ್ಕೆ ಮುನ್ನ ವಿವಾಹವಾಗಿರಬಾರದು. ಷರತ್ತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಹೆಣ್ಣುಮಗುವಿನ ಬಾಲ್ಯದ ನಕ್ಷೆಯೇ ಮೂಡುತ್ತದೆ. ಜನನ ನೋಂದಣಿ ಮತ್ತು ಲಸಿಕೆಯ ಮಟ್ಟಿಗೆ ಈ ಬಾಂಡ್ ಅಂಗನವಾಡಿ ಕಾರ್ಯಕರ್ತೆಯ ಕೈಗೆ ಒಂದು ಒಳ್ಳೆಯ ಅಸ್ತ್ರವನ್ನೇ ಕೊಟ್ಟಿತು ಎನ್ನಬೇಕು. ಆದರೆ ನಕ್ಷೆಯಲ್ಲಿ ಒಂದು ಖಾಲಿ ಜಾಗವಿದೆ. ಎಂಟನೆಯ ತರಗತಿ ಮುಗಿಯುವುದು ಹದಿನಾಲ್ಕನೆಯ ವಯಸ್ಸಿಗೆ. ಹಣ ಬರುವುದು ಹದಿನೆಂಟಕ್ಕೆ. ನಡುವಿನ ನಾಲ್ಕು ವರ್ಷಗಳಲ್ಲಿ ಯೋಜನೆ ಆ ಹುಡುಗಿಯಿಂದ ಕೇಳುವುದು ಒಂದೇ: ಮದುವೆಯಾಗದೆ ಇರು. ಆ ಅವಧಿಯಲ್ಲಿ ಏನು ಮಾಡಬೇಕು, ಎಲ್ಲಿ ಓದಬೇಕು, ಖರ್ಚಿಗೆ ಯಾರು ಎಂಬುದಕ್ಕೆ ಉತ್ತರ ದುರ್ಬಲವಾಗಿದೆ. ಹದಿನೈದು ತುಂಬಿದ ಮೇಲೆ ಬಾಂಡನ್ನು ಒತ್ತೆಯಿಟ್ಟು ಐವತ್ತು ಸಾವಿರದವರೆಗೆ ಶಿಕ್ಷಣ ಸಾಲ ಪಡೆಯುವ ಅವಕಾಶ ನಿಯಮದಲ್ಲಿದೆ. ಮಗಳ ಪಿಯುಸಿ ಪ್ರವೇಶಕ್ಕೆ ಸಾಲದ ಅರ್ಜಿ ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತುವುದು ಕೂಲಿ ಕುಟುಂಬಕ್ಕೆ ಸಲೀಸಾದ ದಾರಿಯಲ್ಲ ಎಂಬುದನ್ನು ಹೇಳಬೇಕಿಲ್ಲ.

ಇಲ್ಲಿ ಅಂಕಿ ಅಂಶಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ. ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯೋಮಾನದ ಮಹಿಳೆಯರಲ್ಲಿ ಹದಿನೆಂಟಕ್ಕೆ ಮುನ್ನ ಮದುವೆಯಾದವರ ಪ್ರಮಾಣ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2005-06ರಲ್ಲಿ ಕರ್ನಾಟಕದಲ್ಲಿ ಶೇ 40ರ ಆಸುಪಾಸಿನಲ್ಲಿತ್ತು. 2015-16ರಲ್ಲಿ ಅದು ಶೇ 21.4ಕ್ಕೆ ಇಳಿಯಿತು. ವೇದಿಕೆಗಳ ಮೇಲೆ ಇದನ್ನು ಭಾಗ್ಯಲಕ್ಷ್ಮಿಯ ಖಾತೆಗೆ ಜಮಾ ಮಾಡಲು ಯಾರಿಗಾದರೂ ಮನಸ್ಸಾದೀತು. ಆದರೆ 2015-16ರಲ್ಲಿ ಭಾಗ್ಯಲಕ್ಷ್ಮಿಯ ಮೊದಲ ಹುಡುಗಿಗೆ ಇನ್ನೂ ಹತ್ತು ವರ್ಷ. ಸಮೀಕ್ಷೆಗೆ ಸಿಕ್ಕ ಯುವತಿಯರು ಹುಟ್ಟಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಅವರ ಹೆಸರಿನಲ್ಲಿ ಯಾವ ಬಾಂಡೂ ಇರಲಿಲ್ಲ. ಅವರ ಮದುವೆಯನ್ನು ಮುಂದೂಡಿಸಿದ್ದು ಬೇರೆ ಸಂಗತಿಗಳಿರಬೇಕು. ಹತ್ತಿರದ ಪ್ರೌಢಶಾಲೆ, 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್, 2007ರಿಂದ ಪ್ರೌಢಶಾಲೆಗೂ ವಿಸ್ತರಣೆಗೊಂಡ ಅಕ್ಷರ ದಾಸೋಹದ ಬಿಸಿಯೂಟ, ಅದೇ ಹೊತ್ತಿಗೆ ಬಿಗಿಯಾದ ಕಾನೂನು, ಇವುಗಳ ಪಾಲು ದೊಡ್ಡದೆಂದು ಊಹಿಸಲು ಕಾರಣಗಳಿವೆ. ಹದಿನೆಂಟು ವರ್ಷದ ನಂತರದ ಲಕ್ಷಕ್ಕಿಂತ ನಾಳೆ ಬೆಳಿಗ್ಗೆ ಶಾಲೆಗೆ ಹೋಗಲು ಒಂದು ಸೈಕಲ್ ಇರುವುದು ಹದಿಮೂರರ ಹುಡುಗಿಗೆ ಹೆಚ್ಚು ಉಪಯುಕ್ತವಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಆ ಸೈಕಲ್ ವಿತರಣೆ ಕೋವಿಡ್ ಕಾಲದಲ್ಲಿ, 2020ರ ನಂತರ, ನಿಂತುಹೋಯಿತು.

ಇನ್ನೂ ಕಳವಳಕಾರಿಯಾದದ್ದು ನಂತರದ ಅಂಕಿ. 2019-21ರ ಐದನೆಯ ಸಮೀಕ್ಷೆಯಲ್ಲಿ ಇದೇ ಪ್ರಮಾಣ ಶೇ 21.3. ಐದು ವರ್ಷಗಳಲ್ಲಿ ಇಳಿದದ್ದು ಶೇಕಡಾ ಒಂದರ ಹತ್ತನೆಯ ಒಂದು ಭಾಗ! ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುಗೊಳಿಸುವ ತಿದ್ದುಪಡಿಯನ್ನು ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ 2011ರ ಶಿಫಾರಸುಗಳ ಹಿನ್ನೆಲೆಯಲ್ಲಿ ಕರ್ನಾಟಕ ತಂದು, ಅದು 2017ರಲ್ಲಿ ಕಾನೂನಾಯಿತು. ದೇಶದಲ್ಲೇ ಇದು ಮುಂಚೂಣಿಯ ಹೆಜ್ಜೆ. ಆದರೂ ಐದರಲ್ಲೊಬ್ಬಳ ಲೆಕ್ಕ ಅಲುಗಾಡಲಿಲ್ಲ. ಸುಲಭಕ್ಕೆ ಬದಲಾಗುವ ಮನೆಗಳು ಬದಲಾಗಿವೆ. ಉಳಿದವು ಗುಳೆ ಹೋಗುವ, ದಾರಿ ದೂರವಿರುವ, ಕಾಲೇಜು ಕಾಣದ ಮನೆಗಳು. ಅವುಗಳ ವಿಳಾಸ ಹುಡುಕಿದರೆ ಜಗಳೂರಿನಂಥ ತಾಲ್ಲೂಕುಗಳೇ ಸಿಗುತ್ತವೆ.

ಇದರ ಜೊತೆಗೆ ದೇಹದ ಸ್ಥಿತಿಯನ್ನೂ ಸೇರಿಸಿಕೊಳ್ಳಬೇಕು. ಐದನೆಯ ಸಮೀಕ್ಷೆಯಂತೆ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಶೇ 60.9ರಿಂದ 65.5ಕ್ಕೆ ಏರಿದೆ. ಕರ್ನಾಟಕದಲ್ಲಿ ಯೋಜನೆಗಳ ಕೊರತೆ ಇಲ್ಲವೆಂಬುದು ಇಲ್ಲಿನ ವಿಪರ್ಯಾಸ. 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಅಂಗನವಾಡಿ ಮೊದಲುಗೊಂಡು ಅರ್ಧ ಶತಮಾನವಾಯಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು. 2017ರ ಅಕ್ಟೋಬರ್‌ನಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಬಂತು. ಶಾಲಾ ಮಕ್ಕಳಿಗೆ ಮೊಟ್ಟೆ ಮೊದಲು ಕೆಲವೇ ಜಿಲ್ಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಆರಂಭವಾಗಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. ಇವೆಲ್ಲವೂ ಬೇಕಾದವೇ. ಆದರೆ ಅಂಗನವಾಡಿ ಆರು ವರ್ಷದವರೆಗಿನ ಮಗುವನ್ನು ನೋಡುತ್ತದೆ, ಬಿಸಿಯೂಟ ಹತ್ತನೆಯ ತರಗತಿಯವರೆಗೆ ಉಣಿಸುತ್ತದೆ, ಮಾತೃಪೂರ್ಣ ಗರ್ಭಿಣಿಯಾದ ಮೇಲೆ ಎದುರಾಗುತ್ತದೆ. ಹದಿನಾರರಿಂದ ಹತ್ತೊಂಬತ್ತರ ಹೆಣ್ಣುಮಗಳು ಸರಕಾರದ ತಟ್ಟೆಗೆ ಮತ್ತೆ ಅರ್ಹಳಾಗುವುದು ತಾಯಿಯಾಗುವಾಗ ಮಾತ್ರ ಎಂಬಂತಾಗಿದೆ.

ಹರೆಯದವರಿಗೆಂದೇ ಏನೂ ಇಲ್ಲವೆಂದಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ. ನಿಮ್ಹಾನ್ಸ್ ಸಹಯೋಗದ ಯುವಸ್ಪಂದನ ಕೇಂದ್ರಗಳು ಜಿಲ್ಲಾ ಕ್ರೀಡಾಂಗಣಗಳಲ್ಲಿ ಆಪ್ತಸಮಾಲೋಚನೆ ನಡೆಸುತ್ತವೆ. ಮುಟ್ಟಿನ ನೈರ್ಮಲ್ಯದ ಶುಚಿ ಯೋಜನೆ ಕೆಲವು ವರ್ಷ ಸ್ಥಗಿತಗೊಂಡಿದ್ದು 2024ರಲ್ಲಿ ಮತ್ತೆ ಚಾಲನೆ ಪಡೆಯಿತು. ಆದರೆ ಜಿಲ್ಲಾ ಕ್ರೀಡಾಂಗಣಕ್ಕೂ ಸೊಕ್ಕೆಗೂ ನಡುವೆ ಎರಡು ಬಸ್ಸಿನ ದೂರವಿದೆ. ಮನಸ್ಸಿಗೆ ಬೇಸರವೆಂದು ಹೇಳಿಕೊಳ್ಳಲು ದಾವಣಗೆರೆಗೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಅನುಮತಿ ಕೇಳುವ ಹುಡುಗಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಬಸ್ಸಿನ ಮಾತು ಬಂದದ್ದರಿಂದ ಹೇಳಬೇಕು: ಹಳ್ಳಿಯ ಹುಡುಗಿಯ ಉನ್ನತ ಶಿಕ್ಷಣಕ್ಕೆ ಇತ್ತೀಚೆಗೆ ನೇರವಾಗಿ ಒದಗಿದ ಯೋಜನೆ ಶಿಕ್ಷಣ ಇಲಾಖೆಯದಲ್ಲ, ಸಾರಿಗೆ ಇಲಾಖೆಯದು. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆ ಪ್ರಯಾಣದ ಖರ್ಚಿನ ನೆಪವನ್ನು ಮನೆಯವರ ಬಾಯಿಂದ ಕಿತ್ತುಕೊಂಡಿತು. ಆದರೆ ಅದು ಅನ್ವಯಿಸುವುದು ಸರಕಾರಿ ಬಸ್ಸಿಗೆ. ಮಧ್ಯ ಕರ್ನಾಟಕದ ಈ ಭಾಗದಲ್ಲಿ ಖಾಸಗಿ ಬಸ್ಸುಗಳ ಓಡಾಟ ಹಿಂದಿನಿಂದಲೂ ಹೆಚ್ಚು. ಟಿಕೆಟ್ ಉಚಿತವಾದರೆ ಸಾಲದು, ಕಾಲೇಜಿನ ಗಂಟೆಗೆ ಸರಿಯಾಗಿ ಬಸ್ಸು ಬರಬೇಕು, ಸಂಜೆ ಕತ್ತಲಾಗುವ ಮುನ್ನ ಊರು ಮುಟ್ಟಿಸಬೇಕು. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ವೇಳಾಪಟ್ಟಿ ಸಾಕು. ಅದೇಕೋ ವೇಳಾಪಟ್ಟಿಗಳಿಗೆ ಉದ್ಘಾಟನಾ ಸಮಾರಂಭ ಇರುವುದಿಲ್ಲ.

ಮತ್ತೆ ಬಾಂಡಿನ ವಿಷಯಕ್ಕೆ ಬಂದರೆ, ಹದಿನೆಂಟನೆಯ ವಯಸ್ಸಿಗೆ ಒಮ್ಮೆಲೇ ಕೈಸೇರುವ ಲಕ್ಷ ರೂಪಾಯಿ ಯಾವುದಕ್ಕೆ ವೆಚ್ಚವಾಗುತ್ತದೆ ಎಂಬುದು ಮುಖ್ಯ ಪ್ರಶ್ನೆ. ಕಾನೂನಿನಂತೆ ಮದುವೆಗೆ ಅರ್ಹಳಾಗುವ ದಿನವೂ, ಹಣ ಪಕ್ವವಾಗುವ ದಿನವೂ ಒಂದೇ ಆಗಿರುವುದರಿಂದ ಹಲವು ಮನೆಗಳಲ್ಲಿ ಇದನ್ನು ಮೊದಲಿನಿಂದಲೂ 'ಮದುವೆ ದುಡ್ಡು' ಎಂದೇ ಎಣಿಸಲಾಗಿದೆ. ಹಾಗೆ ಎಣಿಸಿದ್ದಕ್ಕೆ ಪೋಷಕರನ್ನು ದೂರುವಂತಿಲ್ಲ. ಯೋಜನೆಯ ಭಾಷೆಯೇ ಮದುವೆಯನ್ನು ಗಡಿಗಲ್ಲಾಗಿ ನೆಟ್ಟಿದೆ. 2008ರಲ್ಲಿ 19,300 ಇಟ್ಟು ಲಕ್ಷ ಕೊಡುವುದೆಂದರೆ ವಾರ್ಷಿಕ ಶೇ ಒಂಬತ್ತೂವರೆಯಷ್ಟು ಬೆಳವಣಿಗೆ, ಕಡಿಮೆಯೇನಲ್ಲ. ಆದರೆ ಅಂದು ಲಕ್ಷ ರೂಪಾಯಿ ಎಂದರೆ ಒಂದು ಪದವಿಯ ಖರ್ಚೆಂದು ಕಂಡಿತ್ತು. ಇಂದು ನಗರದಲ್ಲಿದ್ದು ನರ್ಸಿಂಗ್ ಅಥವಾ ಎಂಜಿನಿಯರಿಂಗ್ ಓದಿಸುವವರಿಗೆ ಅದು ಒಂದು ವರ್ಷದ ಮಾತು. ಶಿಕ್ಷಣಕ್ಕೆ ಸಾಲದ, ಮದುವೆಗೆ ಸ್ವಲ್ಪ ಸಾಲ ಸೇರಿಸಿದರೆ ಸಾಕಾಗುವ ಮೊತ್ತ ಇದಾಗಿಬಿಟ್ಟಿರುವುದು ಯಾರೂ ಬಯಸದೆ ಆದ ಪರಿಣಾಮ. ಇದಕ್ಕೆ ಹೋಲಿಸಿದರೆ, ಸರಕಾರಿ ಶಾಲೆ ಕಾಲೇಜುಗಳಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕೊಡುವ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನದ ತರ್ಕ ಸರಳವಾಗಿದೆ: ಕಾಲೇಜಿಗೆ ಸೇರಿದವಳಿಗೆ, ಸೇರಿದ ವರ್ಷ, ಓದುವವರೆಗೆ.

ಕಾಗದಪತ್ರದ ತೊಡಕೂ ಸಣ್ಣದಲ್ಲ. 2006ರಲ್ಲಿ ಬಾಂಡ್ ಬರೆದಾಗ ಆಧಾರ್ ಎಂಬುದೇ ಇರಲಿಲ್ಲ. ಅದು ಬಂದದ್ದು 2010ರಲ್ಲಿ. ಜನನ ಪತ್ರದಲ್ಲೊಂದು, ಶಾಲೆಯ ದಾಖಲೆಯಲ್ಲೊಂದು, ಆಧಾರ್‌ನಲ್ಲೊಂದು ಹೆಸರಿದ್ದರೆ ಹುಡುಗಿ ತಾನೇ ತಾನೆಂದು ಸಾಬೀತುಪಡಿಸಬೇಕು. ಗುಳೆ ಹೋಗಿ ಬಂದ ಮನೆಯಲ್ಲಿ ಬಾಂಡಿನ ಮೂಲ ಪ್ರತಿ ಉಳಿದಿದ್ದರೆ ಅದೇ ಭಾಗ್ಯ. ಇದನ್ನೆಲ್ಲ ಸರಿಪಡಿಸಿಕೊಡುವ ಹೊಣೆ ಕೊನೆಗೆ ಬೀಳುವುದು ಅಂಗನವಾಡಿ ಕಾರ್ಯಕರ್ತೆಯ ಮೇಲೆ. ತೂಕ ನೋಡುವುದು, ಪೋಷಣ್ ಟ್ರ್ಯಾಕರ್‌ನಲ್ಲಿ ವಿವರ ತುಂಬುವುದು, ಮತದಾರರ ಪಟ್ಟಿ ಪರಿಷ್ಕರಣೆ, ಸಮೀಕ್ಷೆಗಳು ಎಲ್ಲವೂ ಆಕೆಗೇ. ಆಕೆ ಪಡೆಯುವುದು ಸಂಬಳವಲ್ಲ, ಗೌರವಧನ. ಆಕೆ ಗ್ರಾಚ್ಯುಟಿಗೆ ಅರ್ಹಳೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. 2023ರ ಆಗಸ್ಟ್‌ನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ತಾಯಿಯ ಖಾತೆಗೆ ನೇರವಾಗಿ ಬೀಳುತ್ತದೆ, ಮಧ್ಯೆ ಯಾರ ಸಹಿಯೂ ಬೇಡ. ಮಗಳ ಬಾಂಡಿಗೆ ಮಾತ್ರ ಇನ್ನೂ ಕಚೇರಿಯ ಅಲೆದಾಟ. ಶಾಲೆಯ ದಾಖಲಾತಿ, ವಯಸ್ಸು, ಖಾತೆ ಎಲ್ಲವೂ ಗಣಕೀಕೃತಗೊಂಡಿರುವಾಗ, ಹದಿನೇಳು ತುಂಬಿದ ದಿನವೇ ಪಟ್ಟಿ ತಯಾರಿಸಿ ಹೆಸರಿನ ದೋಷಗಳನ್ನು ಊರಲ್ಲೇ ತಿದ್ದಿಕೊಡುವುದು ಇಲಾಖೆಗೆ ಅಸಾಧ್ಯದ ಕೆಲಸವೇನಲ್ಲ.

ಹೊಸ ಪೀಳಿಗೆಗೆ ಯೋಜನೆಯ ಸ್ವರೂಪ ಬದಲಾಗಿದೆ. 2020-21ರಿಂದ ಜೀವವಿಮಾ ನಿಗಮದ ಬಾಂಡಿನ ಬದಲು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ವರ್ಷಕ್ಕೆ 3,000 ರೂಪಾಯಿಯಂತೆ ಹದಿನೈದು ವರ್ಷ ಸರಕಾರ ಕಟ್ಟುತ್ತದೆ. ಇಪ್ಪತ್ತೊಂದನೆಯ ವಯಸ್ಸಿಗೆ ಸುಮಾರು 1.27 ಲಕ್ಷ ರೂಪಾಯಿ. ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಹೋದದ್ದು ಒಳ್ಳೆಯ ಬದಲಾವಣೆ. ಸುಕನ್ಯಾ ಸಮೃದ್ಧಿಯ ಸಾಮಾನ್ಯ ನಿಯಮದಂತೆ ಹತ್ತನೆಯ ತರಗತಿ ಮುಗಿದ ಮೇಲೆ ಶಿಕ್ಷಣಕ್ಕೆಂದು ಅರ್ಧದವರೆಗೆ ಹಣ ತೆಗೆಯಬಹುದು. ಹದಿನೆಂಟರ ನಂತರ ಮದುವೆಯ ಕಾರಣಕ್ಕೆ ಖಾತೆಯನ್ನೇ ಮುಚ್ಚಲೂ ಬಹುದು. ಹಳೆಯ ಗಡಿಗಲ್ಲು ಪೂರ್ತಿ ಕದಲಿಲ್ಲ.

ಈ ಬದಲಾವಣೆಯ ಮೊದಲ ಫಲಾನುಭವಿಗಳು ಈಗ ಅಂಗನವಾಡಿಯಿಂದ ಒಂದನೆಯ ತರಗತಿಯ ಕಡೆ ಹೆಜ್ಜೆ ಹಾಕುವ ವಯಸ್ಸಿನವರು. ಅವರ ಖಾತೆ ಪಕ್ವವಾಗತೊಡಗುವುದು 2041ರಲ್ಲಿ. ಅವರ ಅಕ್ಕಂದಿರು, 2008ರ ಆಗಸ್ಟ್ ನಂತರ ಹುಟ್ಟಿದವರು, ಪಿಯುಸಿ ಮುಗಿಸುವ ಅಥವಾ ಮುಗಿಸದೆ ಮನೆಯಲ್ಲಿ ಉಳಿಯುವ ಹಂತದಲ್ಲಿದ್ದಾರೆ. ಹದಿನೆಂಟನೆಯ ಹುಟ್ಟುಹಬ್ಬದ ಹೊತ್ತಿಗೆ ಇವರಲ್ಲಿ ಎಷ್ಟು ಮಂದಿ ಕಾಲೇಜಿನ ಹಾಜರಿ ಪುಸ್ತಕದಲ್ಲಿದ್ದರು ಎಂಬ ಲೆಕ್ಕವನ್ನು, ಎಷ್ಟು ಬಾಂಡ್‌ಗಳ ಹಣ ಪಾವತಿಯಾಯಿತು ಎಂಬ ಲೆಕ್ಕದ ಪಕ್ಕದಲ್ಲೇ, ತಾಲ್ಲೂಕುವಾರು ಪ್ರಕಟಿಸಲು ಇಲಾಖೆಗೆ ಯಾವ ಹೊಸ ಅನುದಾನವೂ ಬೇಕಾಗುವುದಿಲ್ಲ.