ದರ ಕೇಳುವ ಮೊದಲು ಜಾಕ್ ಹ್ಯಾಮರ್ ನೋಡಿ

ತೆರೆದ ಬಾವಿಯಲ್ಲಿ ಬಂಡೆ ಸಿಕ್ಕಿದಾಗ ಟ್ರ್ಯಾಕ್ಟರ್ ಕಂಪ್ರೆಸರನ್ನು ಬಾಡಿಗೆಗೆ ಕರೆಸುವುದು ನಮ್ಮ ಬಯಲುಸೀಮೆಯ ವಾಡಿಕೆ. ಕೊಳವೆ ಬಾವಿಗಳು ಹೆಚ್ಚಿದ ಮೇಲೆ ಈ ಕೆಲಸ ಕಡಿಮೆಯಾಗಿದೆ, ಆದರೆ ನಿಂತಿಲ್ಲ. ಆಗ ರೈತರು ಕೇಳುವುದು ಒಂದೇ ಮಾತು: "ಅಡಿಗೆ ಎಷ್ಟು?" ಅಡಿಯ ಲೆಕ್ಕದಲ್ಲಿ ಹಣ ಗೊತ್ತುಮಾಡಿದರೆ ಅವಸರ ತಾನಾಗಿಯೇ ಬರುತ್ತದೆ. ಅವಸರದಲ್ಲಿ ಮೊದಲು ಮರೆತುಹೋಗುವುದು ಎಣ್ಣೆ ಮತ್ತು ನೀರು.

ಜಾಕ್ ಹ್ಯಾಮರಿನ ಪಿಸ್ಟನ್ನನ್ನು ಓಡಿಸುವುದು ಚದರ ಸೆಂಟಿಮೀಟರಿಗೆ ಸುಮಾರು 5ರಿಂದ 6 ಕಿಲೋಗ್ರಾಂ ಒತ್ತಡದ ಗಾಳಿ. ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಆ ಗಾಳಿಯ ಜೊತೆಯಲ್ಲೇ ಹೋಗಬೇಕು. ಅದಕ್ಕೆಂದೇ ಗಾಳಿ ಪೈಪಿನ ನಡುವೆ ಎಣ್ಣೆ ಡಬ್ಬಿ ಇರುತ್ತದೆ. ಕೆಲಸ ನಡೆದಿರುವಾಗ ಕಂಬಿಯ ಬುಡದಲ್ಲಿ ಎಣ್ಣೆಯ ಪಸೆ ಕಾಣಬೇಕು. ಒಣಗಿದ್ದರೆ ಯಂತ್ರ ತನ್ನನ್ನೇ ತಿನ್ನುತ್ತಿದೆಯೆಂದು ತಿಳಿಯಿರಿ. ಗಾಳಿ ತೊಟ್ಟಿಯಲ್ಲಿ ಇಳಿದು ನಿಂತ ನೀರನ್ನು ದಿನವೂ ಬಿಡಬೇಕು. ಇಲ್ಲವಾದರೆ ಅದು ಎಣ್ಣೆಯನ್ನು ತೊಳೆದು ತುಕ್ಕು ಹಿಡಿಸುತ್ತದೆ. ಪೈಪನ್ನು ಯಂತ್ರಕ್ಕೆ ಜೋಡಿಸುವ ಮೊದಲು ಗಾಳಿ ಊದಿ ಮಣ್ಣು ಕಳೆಯಬೇಕು. ಇವೆಲ್ಲ ಯಂತ್ರದ ಮಾಲೀಕನ ಕೆಲಸ, ನಿಜ. ಆದರೆ ಯಂತ್ರ ಕೆಟ್ಟು ನಿಂತ ದಿನಗಳ ನಷ್ಟ ರೈತನಿಗೂ ತಟ್ಟುತ್ತದೆ.

ಅದಕ್ಕಿಂತ ದೊಡ್ಡದು ಧೂಳಿನ ಮಾತು. ನಮ್ಮ ಗ್ರಾನೈಟ್ ಬಂಡೆಯಲ್ಲಿ ಬೆಣಚುಕಲ್ಲಿನ ಅಂಶ ಉಂಟು. ಒಣ ಕುಳಿ ಹೊಡೆದರೆ ಅದರ ನುಣುಪು ಧೂಳು ಬಾವಿಯಿಂದ ಹೊರಹೋಗಲು ದಾರಿಯಿಲ್ಲದೆ ಆಳಿನ ಶ್ವಾಸಕೋಶ ಸೇರುತ್ತದೆ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ದುಡಿದವರನ್ನು ಕಾಡಿದ ಸಿಲಿಕೋಸಿಸ್ ಕಾಯಿಲೆಯ ಮೂಲ ಇದೇ ಬಗೆಯ ಧೂಳು. ಆ ಕಾಯಿಲೆ ವಾಸಿಯಾಗುವಂಥದ್ದಲ್ಲ. ಮೂಗಿಗೆ ಕಟ್ಟಿದ ಟವೆಲಿಗೆ ನುಣುಪು ಧೂಳು ನಿಲ್ಲುವುದಿಲ್ಲ. ನೀರು ಬಿಡುವ ಜೋಡಣೆಯುಳ್ಳ ಯಂತ್ರವನ್ನೇ ಕೇಳಿ. ಅದು ಸಿಗದಿದ್ದರೆ ಕುಳಿಯ ಬಾಯಿಗೆ ನೀರು ಹುಯ್ಯುತ್ತಲೇ ಹೊಡೆಸಿ, ಧೂಳು ಪೂರ್ತಿ ಅಡಗದಿದ್ದರೂ ತಗ್ಗುತ್ತದೆ. ಬತ್ತಿದ ಬಾವಿಗೆ ನೀರೆಲ್ಲಿಂದ ತರುವುದೆಂದು ಕೇಳಬಹುದು. ಒಂದೆರಡು ಡ್ರಮ್ಮು ನೀರು ಸಾಗಿಸುವುದು ಬಾವಿ ತೋಡಿಸುವವನಿಗೆ ದೊಡ್ಡ ಖರ್ಚೇನಲ್ಲ.

ಇನ್ನೊಂದು ಮಾತು. ಹಿಂದೆ ಮದ್ದು ಸಿಡಿಸಿದ ಕುಳಿಯ ತಳದಲ್ಲಿ ಸಿಡಿಯದ ಮದ್ದು ಉಳಿದಿರಬಹುದು. ಬಾಯಿ ಸಿದ್ಧವಿದೆಯೆಂದು ಅದರಲ್ಲೇ ಕಂಬಿ ಇಳಿಸಲು ಯಾರನ್ನೂ ಬಿಡಬೇಡಿ.

ನೀರು ಹುಯ್ಯುವ ಆಳಿನ ಕೂಲಿ ಯಾರದೆಂಬುದನ್ನು ಅಡಿಯ ದರದ ಜೊತೆಯಲ್ಲೇ ಮಾತನಾಡಿಕೊಳ್ಳಿ. ಕೆಲಸ ಶುರುವಾದ ಮೇಲೆ ಆ ಮಾತು ಎತ್ತಿದರೆ ಯಾರೂ ಕೇಳುವುದಿಲ್ಲ.