ಬೆಟ್ಟ ಹತ್ತುವ ಬಳಗ

ಭಾನುವಾರ ಬೆಳಗಿನ ಜಾವ, ಹಾಲಿನವರು ಮನೆಮನೆಗೆ ಸುತ್ತುವ ಹೊತ್ತಿನಲ್ಲಿ, ಮೈಸೂರಿನ ಕುವೆಂಪುನಗರದ ಯಾವುದಾದರೊಂದು ಉದ್ಯಾನದ ಬಾಗಿಲಲ್ಲಿ ಹತ್ತು ಹದಿನೈದು ಮಂದಿ ಕೂಡಿ ನಿಂತಿರುವುದನ್ನು ಕಾಣಬಹುದು. ಕಾಲೇಜಿನ ತರುಣ ತರುಣಿಯರು, ಬ್ಯಾಂಕಿನ ಗುಮಾಸ್ತ, ಗೃಹಿಣಿ, ಮೊಮ್ಮಗನ ಕೈ ಹಿಡಿದ ಅಜ್ಜ. ಹೀಗೆ ವಯಸ್ಸಿನಲ್ಲಿಯೂ ವೃತ್ತಿಯಲ್ಲಿಯೂ ಒಬ್ಬರಿಗೊಬ್ಬರು ಹೊಂದದ ಜನ. ಎಲ್ಲರ ಹೆಗಲಿನಲ್ಲಿಯೂ ಒಂದೊಂದು ಚೀಲ. ಚೀಲದೊಳಗೆ ನೀರು, ಬುತ್ತಿ. ಕೆಲವರದರಲ್ಲಿ ಮಡಿಸಿಟ್ಟ ಖಾಲಿ ಗೋಣಿ. ಮೂಡಲಿಗೆ ಕಾಣುವ ಚಾಮುಂಡಿಬೆಟ್ಟದ ನೆತ್ತಿಯ ಮೇಲೆ ಬಿಸಿಲು ಬೀಳುವ ಮೊದಲೇ ಅವರು ಅದರ ಬುಡವನ್ನು ಮುಟ್ಟಬೇಕು. ಕಂಡವರು ಕೇಳುವುದುಂಟು: “ಮೆಟ್ಟಿಲುಗಳಿವೆ, ಬಸ್ಸುಗಳಿವೆ, ಬೆಟ್ಟಕ್ಕೆ ಹೋಗುವುದಕ್ಕೂ ಒಂದು ಸಂಘ ಬೇಕೆ?”

ಈ ಪ್ರಶ್ನೆ ತಳ್ಳಿಹಾಕತಕ್ಕದ್ದಲ್ಲ. ಚಾಮುಂಡಿಬೆಟ್ಟವು ಸಮುದ್ರಮಟ್ಟದಿಂದ ಸುಮಾರು 3,490 ಅಡಿ ಎತ್ತರದಲ್ಲಿದೆ. ಮೈಸೂರು ನಗರವೇ ಸುಮಾರು 2,500 ಅಡಿಗಳ ಮೇಲಿರುವುದರಿಂದ ನಿಜವಾಗಿ ಏರಬೇಕಾದದ್ದು ಸಾವಿರ ಅಡಿಗಳ ಆಸುಪಾಸು ಮಾತ್ರ. 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ರೂಪುಗೊಂಡ ಸುಮಾರು ಸಾವಿರ ಮೆಟ್ಟಿಲುಗಳು ಇಂದಿಗೂ ಗಟ್ಟಿಯಾಗಿವೆ. ಅದೇ ಕಾಲದ ಏಕಶಿಲೆಯ ಮಹಾನಂದಿ ದಣಿದವರನ್ನು ನಡುದಾರಿಯಲ್ಲಿ ನಿಲ್ಲಿಸಿಕೊಳ್ಳುತ್ತದೆ. ಆಷಾಢದ ಶುಕ್ರವಾರಗಳಲ್ಲಿ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ, ಬಾಗುತ್ತ, ಏಳುತ್ತ, ಕೊನೆಯ ಮೆಟ್ಟಿಲವರೆಗೂ ಹೋಗುತ್ತಾರೆ. ಅವರಿಗೆ ಯಾವ ಚಾರಣ ಸಂಘವೂ ಕಲಿಸಿಕೊಡಬೇಕಾದದ್ದು ಏನೂ ಇಲ್ಲ. ಆದುದರಿಂದ ಸಂಘ ಬೇಕಾಗಿರುವುದು ಬೆಟ್ಟವನ್ನು ಹತ್ತುವುದಕ್ಕಲ್ಲ. ಅದು ಬೇರೆಯದೇ ಒಂದು ಕಲಿಕೆಗೆ.

ಆ ಕಲಿಕೆ ಯಾವುದೆಂಬುದಕ್ಕೆ ದೂರದ ಒಂದು ಪ್ರಸಂಗ ಬೆಳಕು ಚೆಲ್ಲುತ್ತದೆ. 1909ರ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಶಾಲಾ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ಹಲವು ದಿನಗಳ ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದರು. ದಾರಿಯಲ್ಲಿ ಗುಡುಗು ಮಳೆ ಹಿಡಿಯಿತು. ನೆನೆದು ನಡುಗುತ್ತಿದ್ದ ಮಕ್ಕಳಿಗೆ ಕಡೆಗೆ ಆಸರೆ ದೊರೆತದ್ದು ರಜೆಯಿಂದಾಗಿ ಬರಿದಾಗಿದ್ದ ಒಂದು ಹಳ್ಳಿಯ ಶಾಲೆಯಲ್ಲಿ. ನೆಲಕ್ಕೆ ಹುಲ್ಲು ಹಾಸಿ ಮಕ್ಕಳು ಮಲಗಿದರು. ಮೇಷ್ಟರಿಗೆ ನಿದ್ದೆ ಬರಲಿಲ್ಲ. ರಜೆಯಲ್ಲಿ ಬೀಗ ಹಾಕಿರುವ ಊರೂರಿನ ಶಾಲೆಗಳೆಲ್ಲ ನಡೆದು ಬರುವ ಮಕ್ಕಳಿಗೆ ತಂಗುದಾಣಗಳಾಗಬಾರದೇಕೆ ಎಂದು ಅವರು ಆ ರಾತ್ರಿ ಯೋಚಿಸಿದರು. ಆ ಯೋಚನೆಯೇ 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಮೊದಲನೆಯ ಶಾಶ್ವತ ಯುವನಿಲಯವಾಯಿತು. ಮುಂದೆ ದೇಶದೇಶಗಳಿಗೆ ಹಬ್ಬಿ ಯೂತ್ ಹಾಸ್ಟೆಲ್ ಚಳವಳಿಯಾಯಿತು. ಭಾರತದಲ್ಲಿಯೂ ಅದರ ಸಂಸ್ಥೆಯಿದೆ, ಮೈಸೂರಿನಲ್ಲಿಯೂ ಅದರ ಸದಸ್ಯರಿದ್ದಾರೆ. ಒಬ್ಬನೇ ನಡೆಯುತ್ತಿದ್ದವನು ಮಳೆ ಬಂದಾಗ ಮರದಡಿ ನಿಂತು ತನ್ನ ದಾರಿ ಹಿಡಿಯುತ್ತಿದ್ದನು. ಮೇಷ್ಟರ ಹಿಂದೆ ಮಕ್ಕಳಿದ್ದರು. ಆದ್ದರಿಂದಲೇ ಅವರಿಗೆ ನಿದ್ದೆ ಬರಲಿಲ್ಲ.

ಹಿಂದೆ ಬರುವವರ ಚಿಂತೆ, ಇದೇ ಕೂಡಿ ನಡೆಯುವುದರ ಮೊದಲ ಪಾಠ. ಒಳ್ಳೆಯ ಬಳಗಗಳಲ್ಲಿ ಒಂದು ಕಟ್ಟಳೆಯಿರುತ್ತದೆ. ದಾರಿ ಬಲ್ಲವನೊಬ್ಬ ಎಲ್ಲರಿಗಿಂತ ಮುಂದೆ. ತಾಳ್ಮೆಯುಳ್ಳವನೊಬ್ಬ ಎಲ್ಲರಿಗಿಂತ ಹಿಂದೆ. ಮುಂದಿನವನನ್ನು ಯಾರೂ ದಾಟಬಾರದು, ಹಿಂದಿನವನಿಗಿಂತ ಯಾರೂ ಹಿಂದುಳಿಯಬಾರದು. ಇವರಿಬ್ಬರಲ್ಲಿ ಹಿಂದಿನವನ ಕೆಲಸವೇ ಕಠಿಣ. ಅವನ ಕಾಲಿಗೆ ಕಸುವಿರುತ್ತದೆ, ಆದರೂ ನಿಧಾನವಾಗಿ ನಡೆಯಬೇಕು. ಮುನ್ನೂರನೆಯ ಮೆಟ್ಟಿಲಿನಲ್ಲಿ ಏದುಸಿರು ಬಿಡುತ್ತ ಕುಳಿತ ಹುಡುಗನ ಪಕ್ಕದಲ್ಲಿ ತಾನೂ ಕುಳಿತುಕೊಳ್ಳಬೇಕು. ತನಗೂ ದಣಿವಾಗಿದೆಯೆಂಬಂತೆ ಬೆವರೊರೆಸಿಕೊಳ್ಳಬೇಕು. ತರಗತಿಯಲ್ಲಿ ಹಿಂದೆ ಬಿದ್ದವನನ್ನು ಬಿಟ್ಟು ಪಾಠ ಮುಂದೆ ಸಾಗುವುದುಂಟು. ಅದಕ್ಕೆ ಉಪಾಧ್ಯಾಯರೂ ಹೊಣೆ, ಪರೀಕ್ಷೆಗಳೂ ಹೊಣೆ. ಬೆಟ್ಟದಲ್ಲಿ ಹಾಗೆ ಬಿಟ್ಟು ಹೋಗುವಂತಿಲ್ಲ. ಚಾಮುಂಡಿಬೆಟ್ಟ ಕಾಯ್ದಿಟ್ಟ ಅರಣ್ಯ, ಅಲ್ಲಿ ಚಿರತೆಗಳಿವೆ. ಇಪ್ಪತ್ತು ನಿಮಿಷಗಳಲ್ಲಿ ತುದಿ ಮುಟ್ಟಿದೆನೆಂದು ಹೇಳಿಕೊಳ್ಳುವ ಗಟ್ಟಿಗನಿಗಿಂತ, ಒಂದೂವರೆ ಗಂಟೆ ತೆಗೆದುಕೊಂಡು ಎಲ್ಲರನ್ನೂ ಕರೆತಂದವನನ್ನು ಬಳಗವು ಹೆಚ್ಚು ನೆಚ್ಚುವುದು ಇದರಿಂದಲೇ.

ಇದಕ್ಕೆ ಒಂದು ಆಕ್ಷೇಪವುಂಟು. ಅದನ್ನು ಎತ್ತುವವರು ಸಾಮಾನ್ಯರಲ್ಲ. ಪ್ರಕೃತಿಯ ಮುಂದೆ ನಿಲ್ಲಲು ಏಕಾಂತ ಬೇಕು, ಗುಂಪಿನ ಗದ್ದಲದಲ್ಲಿ ಬೆಟ್ಟವೂ ಕಾಣದು, ಕೆರೆಯೂ ಕಾಣದು ಎಂಬುದು ಅವರ ವಾದ. ಯಾರ ಹೆಸರನ್ನು ಈ ಬಡಾವಣೆ ಹೊತ್ತಿದೆಯೋ ಆ ಕವಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವರ್ಷಗಟ್ಟಲೆ ನಡೆದಾಡಿದರು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೇಸಾಯಕ್ಕೆಂದು ಕಟ್ಟಿಸಿದ ಆ ಕೆರೆ ಕನ್ನಡ ಕಾವ್ಯಕ್ಕೂ ನೀರೆರೆಯಿತೆಂದರೆ ತಪ್ಪಾಗದು. ಕುವೆಂಪು ಅವರ ಹಿಂದೆ ಹದಿನೈದು ಮಂದಿ ಮಾತಾಡುತ್ತ ನಡೆದಿದ್ದರೆ ಎಷ್ಟು ಕವಿತೆಗಳು ಹುಟ್ಟುತ್ತಿದ್ದವು? ಆಕ್ಷೇಪದಲ್ಲಿ ಹುರುಳಿದೆ. ಹೆಗಲಿಗೆ ಹಾಡಿನ ಪೆಟ್ಟಿಗೆಯನ್ನು ತೂಗುಹಾಕಿಕೊಂಡು, ಸಿನಿಮಾ ಹಾಡುಗಳನ್ನು ಕಿರುಚಿಸುತ್ತ ಬೆಟ್ಟ ಹತ್ತುವವರನ್ನು ಕಂಡಾಗ ಏಕಾಂತಪ್ರಿಯರ ಪಕ್ಷವನ್ನೇ ವಹಿಸಬೇಕೆನಿಸುತ್ತದೆ. ಆದರೆ ಗುಂಪೆಂದರೆ ಗದ್ದಲವೇ ಆಗಬೇಕೆಂಬ ನಿಯಮವಿಲ್ಲ. ಅರ್ಧ ಗಂಟೆ ಯಾರೂ ಮಾತಾಡದೆ ನಡೆಯುವುದೆಂದು ಮೊದಲೇ ಒಪ್ಪಿಕೊಂಡು ಹೊರಡುವ ಬಳಗಗಳೂ ಇವೆ. ಹಾಗೆ ಮೌನವಾಗಿ ನಡೆಯುವ ಹದಿನೈದು ಮಂದಿಯಲ್ಲಿ ಒಬ್ಬನಿಗೆ ನವಿಲಿನ ಕೂಗು ಕೇಳಿದರೆ ಹದಿನೈದು ಮಂದಿಗೂ ಕೇಳುತ್ತದೆ. ಅಲ್ಲದೆ ಎಲ್ಲರೂ ಕವಿಗಳಲ್ಲ. ಮಲೆನಾಡಿನ ಕಾಡಿನಲ್ಲಿ ಬೆಳೆದ ಬಾಲಕನಿಗೆ ಏಕಾಂತ ತಾನಾಗಿ ಒದಗಿತು. ಎರಡು ಕೋಣೆಗಳ ಮನೆಯಲ್ಲಿ, ಶಾಲೆಗೂ ಪಾಠದ ಮನೆಗೂ ನಡುವೆ ಬೆಳೆಯುವ ನಗರದ ಹುಡುಗನಿಗೆ ಯಾರಾದರೂ ಕೈ ಹಿಡಿದು ಬೆಟ್ಟವನ್ನು ತೋರಿಸಬೇಕಾಗುತ್ತದೆ.

ಹೆಚ್ಚು ಕಳವಳಕಾರಿಯಾದದ್ದು ಗುಂಪಿನ ಗಾತ್ರ. ಪಶ್ಚಿಮಘಟ್ಟದ ಕುಮಾರಪರ್ವತ 1,712 ಮೀಟರ್ ಎತ್ತರದ ಶಿಖರ. ಅದರ ಹಾದಿ ಕಠಿಣವೆಂದೇ ಹೆಸರಾದದ್ದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಮಂದಿ ಒಮ್ಮೆಗೇ ಅಲ್ಲಿಗೆ ನುಗ್ಗಿದರು. ಕಾಡಿನ ಕಾಲುದಾರಿಯಲ್ಲಿ ಜಾತ್ರೆಯ ಸಾಲು ನಿಂತಿತು. ಸರ್ಕಾರವು ಮುಂಗಡವಾಗಿ ಹೆಸರು ನೋಂದಾಯಿಸುವ ವ್ಯವಸ್ಥೆಯಿಲ್ಲದ ಚಾರಣದ ದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಆಮೇಲೆ ದಿನಕ್ಕೆ ಇಷ್ಟೇ ಜನರೆಂಬ ಮಿತಿಯನ್ನು ಹಾಕಿತು. ಇದರಿಂದ ಅಸಮಾಧಾನಗೊಂಡ ಚಾರಣಪ್ರಿಯರು ಉಂಟು. ಅವರ ಅಸಮಾಧಾನ ನ್ಯಾಯವಾದದ್ದಲ್ಲ. ಸಾವಿರ ಜನರ ಕಾಲ್ತುಳಿತಕ್ಕೆ ಹುಲ್ಲುಗಾವಲಿನ ಮಣ್ಣು ಸಡಿಲುತ್ತದೆ. ಮಳೆಗಾಲದಲ್ಲಿ ಅದು ಕೊಚ್ಚಿ ಹೋಗಿ ದಾರಿಯೇ ಹಳ್ಳವಾಗುತ್ತದೆ. ಆಗ ನಡೆಯುವವರು ಹಳ್ಳವನ್ನು ಬಿಟ್ಟು ಪಕ್ಕದ ಹುಲ್ಲನ್ನು ತುಳಿಯುತ್ತಾರೆ; ಮರುವರ್ಷ ಎರಡು ಹಳ್ಳಗಳಾಗುತ್ತವೆ. ಬಳಗವು ಹದಿನೈದು ಇಪ್ಪತ್ತಕ್ಕೆ ನಿಂತರೆ ಅದು ಬಳಗ. ಬಸ್ಸುಗಳನ್ನು ತುಂಬಿಸಿಕೊಂಡು ಹೊರಟರೆ ಅದು ವ್ಯಾಪಾರ.

ಇನ್ನು ಆ ಖಾಲಿ ಗೋಣಿಯ ವಿಷಯ. ಈಚಿನ ವರ್ಷಗಳಲ್ಲಿ ಬರಿಯ ನಡಿಗೆಗೆ ತೃಪ್ತರಾಗದೆ ಸೇವೆಯನ್ನೂ ಕೂಡಿಸಿಕೊಂಡ ಬಳಗಗಳು ಹೆಚ್ಚಾಗಿವೆ. ಮೆಟ್ಟಿಲುಗಳ ಅಕ್ಕಪಕ್ಕದಲ್ಲಿ ಬಿದ್ದ ಪ್ಲಾಸ್ಟಿಕ್ ಸೀಸೆ, ತಟ್ಟೆ, ಹಾಳೆಗಳನ್ನು ಅವರು ಹೆಕ್ಕುತ್ತಾರೆ. ಮಳೆಗಾಲದಲ್ಲಿ ಸಸಿ ನೆಡುತ್ತಾರೆ. ಶ್ಲಾಘ್ಯವಾದ ಕೆಲಸ. ಆದರೆ ಇದರಲ್ಲಿಯೂ ಜೊಳ್ಳು ಸೇರುವುದನ್ನು ಹೇಳದೆ ವಿಧಿಯಿಲ್ಲ. ಹತ್ತು ಗೋಣಿ ಕಸವನ್ನು ಬೆಟ್ಟದ ಬುಡದಲ್ಲಿ ಒಟ್ಟಿ, ಅದರ ಮುಂದೆ ಸಾಲಾಗಿ ನಿಂತು ಭಾವಚಿತ್ರ ತೆಗೆಸಿಕೊಂಡು, ಕಸವನ್ನು ಅಲ್ಲಿಯೇ ಬಿಟ್ಟು ತಿಂಡಿಗೆ ಹೋಗುವವರಿದ್ದಾರೆ. ಸೋಮವಾರ ಅದನ್ನು ಹೊರುವವರು ಪೌರಕಾರ್ಮಿಕರು. ನಾಯಿಗಳು ಅಷ್ಟರಲ್ಲಿ ಅರ್ಧವನ್ನು ಹರಡಿರುತ್ತವೆ. ಕಸವನ್ನು ವಿಂಗಡಿಸಿ ನಗರಪಾಲಿಕೆಯ ವಾಹನಕ್ಕೆ ತಲುಪಿಸುವವರೆಗೂ ಭಾನುವಾರದ ಕೆಲಸ ಮುಗಿಯಲಿಲ್ಲವೆಂದು ತಿಳಿಯುವ ಬಳಗಕ್ಕೆ ಮಾತ್ರ ಸೇವೆಯೆಂಬ ಹೆಸರು ಸಲ್ಲುತ್ತದೆ.

ಸಸಿ ನೆಡುವುದರ ಕಥೆಯೂ ಇಂತಹದೇ. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಈ ದೇಶದಲ್ಲಿ ನೆಟ್ಟ ಸಸಿಗಳೆಲ್ಲ ಬದುಕಿದ್ದರೆ ಮನೆ ಕಟ್ಟಲು ನಿವೇಶನವೇ ಸಿಗುತ್ತಿರಲಿಲ್ಲ ಎಂದು ಹಿರಿಯರೊಬ್ಬರು ಹಾಸ್ಯ ಮಾಡುತ್ತಿದ್ದರು. ಜೂನ್ ತಿಂಗಳಲ್ಲಿ ನೆಟ್ಟ ಸಸಿಗೆ ಮೊದಲ ಎರಡು ಬೇಸಿಗೆಗಳಲ್ಲಿ ನೀರು ಬೇಕು, ದನಕರುಗಳಿಂದ ರಕ್ಷಣೆ ಬೇಕು. ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲಿ ಕೊಡ ಹೊರಲು ಬರುವವರ ಸಂಖ್ಯೆ ಜೂನ್ ತಿಂಗಳಲ್ಲಿ ಗುದ್ದಲಿ ಹಿಡಿದವರ ಸಂಖ್ಯೆಗೆ ಸಮನಾಗುವುದು ಅಪರೂಪ. ನೆಟ್ಟ ಸಸಿಗಳನ್ನು ನೆಟ್ಟ ದಿನ ಎಣಿಸದೆ ಮೂರನೆಯ ವರ್ಷದ ಏಪ್ರಿಲ್ ತಿಂಗಳಲ್ಲಿ ಎಣಿಸುವ ಪದ್ಧತಿ ಬಂದರೆ ಎಷ್ಟೋ ವರದಿಗಳು ತೆಳ್ಳಗಾಗುತ್ತವೆ.

ಹಾಗಾದರೆ ಹವ್ಯಾಸಿಗಳಿಂದ ನಿಲ್ಲುವಂತಹ ಕೆಲಸ ಆಗುವುದೇ ಇಲ್ಲವೆ? ಆಗಿದೆ, ಅದೂ ಮೈಸೂರಿನವರಿಂದಲೇ. ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಸಮೀಪವಾಗಿ ಕೊಕ್ಕರೆಬೆಳ್ಳೂರು ಎಂಬ ಹಳ್ಳಿಯಿದೆ. ಮನೆಯಂಗಳದ ಹುಣಿಸೆಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿವರ್ಷ ಗೂಡು ಕಟ್ಟುತ್ತವೆ. ತವರಿಗೆ ಬಂದ ಹೆಣ್ಣುಮಕ್ಕಳೆಂಬಂತೆ ಊರಿನವರು ಅವುಗಳನ್ನು ನೋಡಿಕೊಂಡು ಬಂದವರು. ಹಕ್ಕಿಗಳ ಹಿಕ್ಕೆಯೇ ಹೊಲಕ್ಕೆ ಗೊಬ್ಬರ. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿಗಳ ತಂಡದವರು ಅಲ್ಲಿಗೆ ಹಕ್ಕಿ ನೋಡಲು ಹೋದವರು ನೋಡಿ ಹಿಂದಿರುಗಲಿಲ್ಲ. ಊರಿನವರೊಡನೆ ಕುಳಿತು ಮಾತಾಡಿದರು. ಊರಿನ ಯುವಕರೇ ಸೇರಿದ ‘ಹೆಜ್ಜಾರ್ಲೆ ಬಳಗ’ ಹುಟ್ಟಿಕೊಂಡಿತು. ಮರದ ಮೇಲಿನ ಗೂಡಿನಿಂದ ಬಿದ್ದ ಹೆಜ್ಜಾರ್ಲೆಯ ಮರಿಯನ್ನು ತಾಯಿಹಕ್ಕಿ ಮತ್ತೆ ಸಾಕುವುದಿಲ್ಲ. ಅಂತಹ ಮರಿಗಳನ್ನು ಯುವಕರು ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಟ್ಟರು. 2007ರಲ್ಲಿ ಆ ಪ್ರದೇಶ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ನಗರದಿಂದ ಹೋದವರು ತಾವೇ ಎಲ್ಲವನ್ನೂ ಮಾಡಲಿಲ್ಲ. ಊರಿನವರಿಗೆ ಪಾಠ ಹೇಳಲೂ ಇಲ್ಲ. ಊರಿನಲ್ಲಿ ಮೊದಲೇ ಇದ್ದ ಪ್ರೀತಿಗೆ ಒಂದು ಕ್ರಮವನ್ನು ತರಲು ನೆರವಾದರು. ಮತ್ತೆ ಮತ್ತೆ ಹೋದರು. ಒಂದು ಭಾನುವಾರದಲ್ಲಿ ಇದು ಆಗುತ್ತಿರಲಿಲ್ಲ.

ಬಳಗವನ್ನು ಸೇರಲು ಕಿರಿಯರಿಗಿರುವ ದೊಡ್ಡ ಅಡ್ಡಿ ಬೆಟ್ಟದ್ದಲ್ಲ, ಮನೆಯದು. ಒಂಬತ್ತನೆಯ ತರಗತಿಗೆ ಬಂದ ಕೂಡಲೇ “ಇನ್ನು ಮುಂದಿನ ವರ್ಷ ಪಬ್ಲಿಕ್ ಪರೀಕ್ಷೆ” ಎಂಬ ಮಾತು ಆರಂಭವಾಗುತ್ತದೆ. ಹುಡುಗರಿಗಾದರೂ ಹೇಗೋ ಅಪ್ಪಣೆ ದೊರೆಯುತ್ತದೆ. ಹುಡುಗಿಯರಿಗೆ ಅದೂ ಇಲ್ಲ. ತಾಯಿತಂದೆಗಳ ಭಯವನ್ನು ಹಳೆಯ ಕಾಲದ್ದೆಂದು ಹೀಗಳೆಯುವುದು ಸುಲಭ. ಆದರೆ ಭಯಕ್ಕೆ ಕಾರಣಗಳಿಲ್ಲದಿಲ್ಲ. ಅದಕ್ಕೆ ಉತ್ತರವನ್ನು ಬಳಗಗಳೇ ಕೊಡಬೇಕು. ಹೊರಡುವವರ ಹೆಸರು, ಹಿಂದಿರುಗುವ ಹೊತ್ತು, ಮುಂದಾಳುಗಳ ವಿಳಾಸ ಮೊದಲೇ ಮನೆಗೆ ತಿಳಿದಿರಬೇಕು. ಜೊತೆಯಲ್ಲಿ ಹಿರಿಯ ಮಹಿಳೆಯರಿರಬೇಕು. ಕತ್ತಲಾಗುವ ಮೊದಲೇ ಬೆಟ್ಟ ಇಳಿದಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಸಲ ತಾಯಿಯೇ ಮಗಳೊಡನೆ ಬರಲಿ. ಹಾಗೆ ಮಗಳನ್ನು ಕಾಯಲೆಂದು ಬಂದ ತಾಯಂದಿರು ಆಮೇಲೆ ಮಗಳು ಬಾರದ ದಿನವೂ ತಾವೇ ಬಂದ ಉದಾಹರಣೆಗಳು ಇಲ್ಲದಿಲ್ಲ.

ದೂರದ ಶಿಖರಗಳೇ ಆಗಬೇಕೆಂಬುದೂ ಒಂದು ಭ್ರಮೆ. ಕುವೆಂಪುನಗರದವರಿಗೆ ಲಿಂಗಾಂಬುಧಿ ಕೆರೆ ನಡಿಗೆಯ ದೂರದಲ್ಲಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗಾಗಿ 1828ರಲ್ಲಿ ಅದನ್ನು ಕಟ್ಟಿಸಿದರು. ಪ್ರತಿವರ್ಷ ಜನವರಿಯಲ್ಲಿ ಏಷ್ಯಾ ಖಂಡದ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ನಡೆದು ಬಂದಿರುವ ಈ ಗಣತಿಯನ್ನು ಮಾಡುವವರಲ್ಲಿ ಬಹುಮಂದಿ ಸಂಬಳವಿಲ್ಲದ ಹವ್ಯಾಸಿಗಳು. ಮೈಸೂರು ಸೀಮೆಯ ಕೆರೆಗಳಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಕರ್ನಾಟಕದಲ್ಲಿ ಕಂಡುಬಂದದ್ದರಿಂದ ಅವುಗಳ ದಾರಿ ತಿಳಿಯಿತು. ಆ ಪಟ್ಟಿಯ ಮೇಲಿನ ಅಕ್ಷರವನ್ನು ಓದುವವರು ಕೆರೆಯ ದಡದಲ್ಲಿ ಹೊಂಚಿ ಕುಳಿತವರು. ಅವರ ಕಣ್ಣಿಗೆ ಬೀಳದೆ ಹೋಗಿದ್ದರೆ ಅಷ್ಟು ದೂರದ ಪಯಣ ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಒಂದು ಶಾಲೆಯ ಮಕ್ಕಳು ಒಂದೇ ಕೆರೆಯನ್ನು ಹಿಡಿದು, ತಿಂಗಳಿಗೊಮ್ಮೆ ಅದೇ ಏರಿಯ ಮೇಲೆ ನಡೆದು, ಕಂಡ ಹಕ್ಕಿಗಳನ್ನೂ ನೀರಿನ ಮಟ್ಟವನ್ನೂ ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಆ ನೋಟ್ ಪುಸ್ತಕವನ್ನು ಅರಣ್ಯ ಇಲಾಖೆಯವರೂ ಕೇಳಿಕೊಂಡು ಬಂದಾರು. ಅದಕ್ಕೆ ಬೆಲೆಬಾಳುವ ಬೂಟುಗಳು ಬೇಡ, ಗುಡಾರಗಳು ಬೇಡ. ಒಂದು ಸೀಸದಕಡ್ಡಿ, ಇಬ್ಬರು ಮೂವರಿಗೆ ಒಂದು ದುರ್ಬೀನು, ಮತ್ತು ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತಟ್ಟಿ ಎಬ್ಬಿಸಲು ಒಬ್ಬ ಗೆಳೆಯ ಇದ್ದರೆ ಸಾಕು.