ರಾಸ್ ಯಾರ ಸ್ವತ್ತು?

ಕಾದಂಬರಿ ಟೀವಿಗೆ ಬಂದರೆ ಜಗಳ ಎಲ್ಲ ದೇಶದಲ್ಲೂ ಇದ್ದದ್ದೇ. ಇಂಗ್ಲೆಂಡಿನ ‘ಪೋಲ್ಡಾರ್ಕ್’ ನೋಡಿ. ವಿನ್‌ಸ್ಟನ್ ಗ್ರಹಾಂ ಬರೆದ 12 ಕಾದಂಬರಿ. ಕಾರ್ನ್‌ವಾಲಿನ ಗಣಿ, ಸಾಲ, ನಡುವೆ ರಾಸ್–ಡೆಮೆಲ್ಜಾ ಪ್ರೇಮ. 1975ರ ಬಿಬಿಸಿ ಧಾರಾವಾಹಿಯಲ್ಲಿ ರಾಬಿನ್ ಎಲಿಸ್ ರಾಸ್ ಆದರು, ಜನ ಮರುಳಾದರು. 1996ರಲ್ಲಿ ಬೇರೆ ಕಂಪನಿ ಜಾನ್ ಬೋಗೆ ಆ ಪಾತ್ರ ಕೊಟ್ಟದ್ದೇ ತಡ, ಅಭಿಮಾನಿ ಸಂಘದವರು ಬೀದಿಗಿಳಿದರು!

ಕಥೆ ಕೆಡಿಸಿದರೆ ಕೇಳಲಿ, ಓದುಗನ ಹಕ್ಕು ಅದು. ಮುಖಕ್ಕೇಕೆ ಹಟ? ಮೊದಲ ಪುಸ್ತಕ ಬಂದದ್ದು 1945ರಲ್ಲಿ. ಆ 30 ವರ್ಷ ಓದಿದವರ ಮನಸ್ಸಿನಲ್ಲಿ ಒಬ್ಬೊಬ್ಬರಿಗೂ ಒಬ್ಬೊಬ್ಬ ರಾಸ್ ಇದ್ದನಲ್ಲ, ಅವನ ಪರ ಯಾರೂ ಬೀದಿಗೆ ಬರಲಿಲ್ಲ.

2015ರಲ್ಲಿ ಬಿಬಿಸಿ ಜಾಣತನ ಮಾಡಿತು. ಏಡನ್ ಟರ್ನರ್ ಹೊಸ ರಾಸ್. ಹಳೇ ಎಲಿಸ್‌ಗೆ ನ್ಯಾಯಪೀಠದ ಪಾದ್ರಿ ಹಾಲ್ಸ್ ಪಾತ್ರ. ಹಳಬನೇ ಪೀಠದಲ್ಲಿ ಕೂತು ಹೊಸಬನನ್ನು ಗದರಿಸುವಾಗ ಮುನಿಸು ಎಷ್ಟು ದಿನ ನಿಂತೀತು?